ಹಳೆ ಪಿಕಪ್‌ನ ಹಿಂದಿನ ಬ್ರೇಕು: ನಾಲ್ಕು ಕಡೆಯ ಮಾಲು ಹಾಕಿ ನೋಡಿದ್ದು

ನಮ್ಮದು 2008ರ ಬೊಲೆರೊ ಪಿಕಪ್. ಸಕಲೇಶಪುರ ಕಡೆಯಿಂದ ಶುಂಠಿ, ಬಾಳೆಗೊನೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವುದೇ ಅದರ ಕೆಲಸ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಮುಂದಿನ ಪ್ಯಾಡಿಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ. ಹಳೆಯದರ ಪಕ್ಕ ಹೊಸದಿಟ್ಟರೆ ಸರಿಯೋ ತಪ್ಪೋ ಕಣ್ಣಿಗೇ ಗೊತ್ತಾಗುತ್ತದೆ. ಗೋಳಾಡಿಸಿದ್ದು ಹಿಂದಿನ ಶೂ ಮತ್ತು ವೀಲ್ ಸಿಲಿಂಡರ್. ಶೂ ಅಂದರೆ ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ತುಂಡು, ಅದರ ಮೈಮೇಲಿನ ಉಜ್ಜುವ ಪದರವೇ ಲೈನಿಂಗ್ ಅಥವಾ ಲೈನರ್; ಬ್ರೇಕ್ ಎಣ್ಣೆಯ ಒತ್ತಡದಿಂದ ಶೂಗಳನ್ನು ದಬ್ಬುವುದು ವೀಲ್ ಸಿಲಿಂಡರ್.

ಮೊದಲು ಹೋಗಿದ್ದು ಕಂಪನಿ ಕೌಂಟರಿಗೆ. ಆರ್‌ಸಿಯಲ್ಲಿ ನೋಂದಣಿ 2009 ಅಂತ ಇರುವುದರಿಂದ ಆ ವರ್ಷದ ಮಾಲು ತೆಗೆದರು. ಗಾಡಿ ತಯಾರಾದದ್ದು 2008ರ ಕೊನೆಗೆ. ವರ್ಷ ಹೇಳುವ ಬದಲು 17 ಅಕ್ಷರದ ಚಾಸಿಸ್ ನಂಬರ್ ಪೂರ್ತಿ ಕೊಟ್ಟ ಮೇಲೆ ಸರಿಯಾದ ಪಾರ್ಟ್ ನಂಬರ್ ಬಂತು. ಸಿಲಿಂಡರ್ ಕೂತದ್ದು ನೋಡಿ ಸಮಾಧಾನವಾಯಿತು, ಒಂದು ಬೋಲ್ಟನ್ನೂ ಒದ್ದಾಡಿಸಲಿಲ್ಲ. ಆದರೆ ಇಷ್ಟು ಹಳೆ ಗಾಡಿಯ ಮಾಲು ಸ್ಟಾಕಿನಲ್ಲಿ ಇರುವುದಿಲ್ಲ, ಆರ್ಡರ್ ಹಾಕಿ ಕಾಯಬೇಕು. ಸುಗ್ಗಿಯಲ್ಲಿ ಗಾಡಿ ನಿಂತರೆ ಬಾಡಿಗೆ ಹೋಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವುದು ಬ್ರೇಕ್ ತಯಾರಕರದೇ ಡಬ್ಬಿ: ಬ್ರೇಕ್ಸ್ ಇಂಡಿಯಾದ ಟಿವಿಎಸ್ ಗರ್ಲಿಂಗ್, ರಾಣೆಯ ಲೈನಿಂಗ್, ಇಂಥವು. ಶೂ ವಿಷಯದಲ್ಲಿ ನನ್ನ ಓಟು ಇವಕ್ಕೇ. ಬೆಲೆ ಕಂಪನಿಯದಕ್ಕಿಂತ ಕಡಿಮೆ, ಕೂರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ಬೊಲೆರೊ ಹಿಂದಿನ ಶೂ’ ಎಂದಷ್ಟೇ ಕೇಳಿದರೆ ಮಾತ್ರ ನಾಲ್ಕು ತರಹದ್ದು ಮೇಜಿನ ಮೇಲೆ ಬೀಳುತ್ತವೆ. ಹಳೆ ಶೂ ಕೈಯಲ್ಲಿಟ್ಟುಕೊಂಡೇ ಹೋಗಿ, ಒಂದರ ಮೇಲೊಂದಿಟ್ಟು ಅಗಲ, ಬಾಗು, ಸ್ಪ್ರಿಂಗ್ ಸಿಕ್ಕಿಸುವ ತೂತು ಮೂರನ್ನೂ ನೋಡಿ.

ಮೂರನೆಯದು, ಊರ ಹತ್ತಿರದ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಸಿಕ್ಕ ವೀಲ್ ಸಿಲಿಂಡರ್. ಎಡಗಡೆಯದು ಮಾತ್ರ ಸೋರುತ್ತಿತ್ತು, ಅದೊಂದನ್ನೇ ಹಾಕಿಸಿದೆ. ಬೋಲ್ಟ್ ಕೂತಿತು, ಪೈಪ್ ಕೂತಿತು, ಏರ್ ತೆಗೆದೆವು, ಪೆಡಲ್ಲೂ ಗಟ್ಟಿಯಾಗಿತ್ತು. ದೋಣಿಗಲ್ ದಾಟಿ ಇಳಿಯುವಾಗ ಸಣ್ಣ ಮಳೆ, ಅರ್ಧ ಲೋಡು. ಬ್ರೇಕ್ ತುಳಿದ ತಕ್ಷಣ ಎಡ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿಯ ಹಿಂಭಾಗ ಜಾರಿತು. ಎದುರಿಗೆ ಲಾರಿ ಇರಲಿಲ್ಲ, ಬದುಕಿದೆವು. ಬಿಚ್ಚಿ ವರ್ನಿಯರ್ ಹಿಡಿದಾಗ ಹೊಸದರ ಬೋರು, ಅಂದರೆ ಒಳಗೆ ಪಿಸ್ಟನ್ ಓಡಾಡುವ ತೂತಿನ ಅಗಲ, ಒಂದು ಅಳತೆ ದೊಡ್ಡದು. 7/8 ಇಂಚಿನದೂ 15/16 ಇಂಚಿನದೂ ಹೊರಗಿನಿಂದ ನೋಡಲು ಅಣ್ಣತಮ್ಮಂದಿರ ಹಾಗೆ; ಒಳಗೆ ಒಂದೂವರೆ ಮಿಲಿಮೀಟರ್ ಹೆಚ್ಚು. ಅಷ್ಟಕ್ಕೇ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 15% ಹೆಚ್ಚುತ್ತದೆ, ಶೂ ಒತ್ತುವ ಬಲವೂ ಅಷ್ಟೇ. ಒಂದು ಚಕ್ರಕ್ಕೆ ಮಾತ್ರ ಹೀಗಾದರೆ ಗಾಡಿ ನೆಟ್ಟಗೆ ನಿಲ್ಲುವುದಾದರೂ ಹೇಗೆ? ಅಂದಿನಿಂದ ಸಿಲಿಂಡರನ್ನು ಜೋಡಿಯಾಗಿಯೇ ಬದಲಿಸುತ್ತೇನೆ, ಅದೂ ಕಂಪನಿಯದೇ.

ಕೊನೆಯದು ಹಳೆ ಶೂಗೇ ಹೊಸ ಲೈನರ್ ರಿವೆಟ್ ಹೊಡೆಸುವುದು. ಹಲವರು ಇದನ್ನು ಕೀಳಾಗಿ ಕಾಣುತ್ತಾರೆ, ನಾನು ಕಾಣುವುದಿಲ್ಲ. ಡ್ರಮ್ಮನ್ನು ಲೇತಿಗೆ ಹಾಕಿ ಹೊಡೆಸಿದ್ದರೆ ಅದರ ಒಳ ಅಳತೆ ದೊಡ್ಡದಾಗಿರುತ್ತದೆ. ಡಬ್ಬಿಯ ಶೂ ಅದರಲ್ಲಿ ನಡುಮಧ್ಯೆ ಮಾತ್ರ ತಾಗುತ್ತದೆ. ದಪ್ಪ ಲೈನರ್ ಹೊಡೆಸಿ ಡ್ರಮ್ಮಿನ ಅಳತೆಗೆ ಉಜ್ಜಿಸಿದರೆ ಪೂರ್ತಿ ಕೂರುತ್ತದೆ. ನಮ್ಮ ಮೇಸ್ತ್ರಿ ತೋರಿಸಿಕೊಟ್ಟ ಪರೀಕ್ಷೆ: ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು, ಶೂ ಒತ್ತಿ ಸ್ವಲ್ಪ ತಿರುಗಿಸಿ ತೆಗೆಯುವುದು. ಡಬ್ಬಿಯ ಶೂ ಮೇಲೆ ನಡುವೆ ಎರಡು ಬೆರಳಗಲ ಬಿಳಿ, ಎರಡೂ ತುದಿ ಕಪ್ಪು. ಉಜ್ಜಿಸಿದ್ದರ ಮೇಲೆ ತುದಿಯಿಂದ ತುದಿಗೆ ಬಿಳಿ. ಡ್ರಮ್ಮಿನ ಮೇಲೆ ಅಚ್ಚಾದ ಗರಿಷ್ಠ ಅಳತೆ ಮೀರಿದ್ದರೆ ಮಾತ್ರ ಈ ಉಪಾಯ ಬೇಡ, ಡ್ರಮ್ಮೇ ಬದಲಿಸಿ. ಹಾಗೆಯೇ ಒಳಗಿನ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ, ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಳೆದ ಸಲ ಎರಡು ಡ್ರಮ್ಮೂ ಹೊಸದು ಹಾಕಿಸಿದ್ದರಿಂದ ಈಗ ಇರುವುದು ಜೆ.ಸಿ. ರಸ್ತೆಯ ಶೂ, ಕಂಪನಿ ಸಿಲಿಂಡರ್. ಗಾಡಿಯ ಜತೆಗೇ ಬಂದಿದ್ದ ಹಳೆ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟಿದ್ದೇನೆ. ಮುಂದಿನ ಸಲ ಅಂಗಡಿ ಮೇಜಿನ ಮೇಲೆ ಮೊದಲು ಇಡುವುದು ಅದನ್ನೇ.