ವೀಲ್‌ಚೇರ್ ಜೊತೆ ಚಿನ್ನಸ್ವಾಮಿಗೆ: ಕಾರು, ಕ್ಯಾಬ್, ಮೆಟ್ರೋ ಮೂರೂ ನೋಡಿದ್ವಿ

ನಮ್ಮಪ್ಪಂಗೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸ್ವಾಧೀನ ಇಲ್ಲ, ಆದ್ರೆ ಕ್ರಿಕೆಟ್ ಅಂದ್ರೆ ಈಗ್ಲೂ ಜೀವ. 1974ರಲ್ಲಿ ಚಿನ್ನಸ್ವಾಮಿಲಿ ಮೊದಲ ಟೆಸ್ಟ್ ನಡೆದಾಗ ಕಾಲೇಜಿಗೆ ಚಕ್ಕರ್ ಹೊಡೆದು ಹೋಗಿದ್ದೋರು ಅವ್ರು. ಹಾಗಾಗಿ ಮನೇಲಿ ಟಿವಿ ಮುಂದೆ ಕೂರ್ಸೋಕೆ ನಂಗೆ ಮನಸ್ಸು ಬರ್ಲಿಲ್ಲ, ಕೆಂಗೇರಿಯಿಂದ ಮೂರು ಮ್ಯಾಚಿಗೆ ಮೂರು ಥರ ಕರ್ಕೊಂಡು ಹೋದೆ.

ಮೊದಲು ನಮ್ಮದೇ ಕಾರು. ಚೇರ್ ಮಡಚಿದ್ರೆ ಡಿಕ್ಕಿಲಿ ಕೂರುತ್ತೆ, ಮನೆ ಬಾಗಿಲಿಂದಾನೇ ಹೊರಡಬಹುದು, ಇದಕ್ಕಿಂತ ಇನ್ನೇನು ಬೇಕು ಅಂದ್ಕೊಂಡಿದ್ದೆ. ಮ್ಯಾಚ್ ದಿನ ಕ್ವೀನ್ಸ್ ರೋಡ್, ಕಬ್ಬನ್ ರೋಡ್, ಎಂಜಿ ರೋಡ್ ಕಡೆ ಎಲ್ಲೂ ನಿಲ್ಸೋ ಹಾಗಿಲ್ಲ, ಸರಿ ಅಂತ ದುಡ್ಡು ಕೊಟ್ಟು ಒಂದು ಪಾರ್ಕಿಂಗ್‌ಗೆ ಹಾಕಿದ್ವಿ. ದೂರ ಇದ್ರೆ ತಳ್ಕೊಂಡು ಹೋಗಬಹುದು, ಅದು ದೊಡ್ಡ ವಿಷ್ಯ ಅಲ್ಲ, ಅಗಲ ಇಲ್ದಿದ್ರೆ ಏನೂ ಮಾಡೋಕಾಗಲ್ಲ ಅಂತ ಗೊತ್ತಾಗಿದ್ದು ಅವತ್ತೇ. ಅಪ್ಪನ್ನ ಇಳಿಸ್ಬೇಕು ಅಂದ್ರೆ ಬಾಗಿಲು ಪೂರ್ತಿ ತೆಗೀಬೇಕು, ಚೇರ್ ಸೀಟಿಗೆ ಒತ್ತಿ ನಿಲ್ಲಬೇಕು, ನಾನು ಸೊಂಟ ಹಿಡ್ಕೊಂಡು ಅವರನ್ನ ತಿರುಗಿಸ್ಬೇಕು. ಮಾಮೂಲಿ ಪಾರ್ಕಿಂಗ್ ಜಾಗ ಎರಡೂವರೆ ಮೀಟರ್ ಅಗಲ ಇರುತ್ತೆ, ಅಂಗವಿಕಲರಿಗೆ 3.6 ಮೀಟರ್ ಬೇಕು, ಬಾಗಿಲಿಂದ 30 ಮೀಟರ್ ಒಳಗಿರ್ಬೇಕು ಅಂತ ಸರ್ಕಾರದ ಮಾರ್ಗಸೂಚಿನೇ ಹೇಳುತ್ತೆ, ಅಲ್ಲಿ ಅಂಥದ್ದು ಒಂದೂ ಇರ್ಲಿಲ್ಲ. ಮ್ಯಾಚ್ ಮುಗಿಸ್ಕೊಂಡು ಬಂದು ನೋಡಿದ್ರೆ ಎರಡೂ ಕಡೆ ಅಂಟ್ಕೊಂಡ ಹಾಗೆ ಕಾರು. ಕೊನೆಗೆ ಅಪ್ಪನ್ನ ಒಂದು ಮೂಲೇಲಿ ಬಿಟ್ಟು ನಾನು ಕಾರನ್ನ ದಾರಿ ಮಧ್ಯಕ್ಕೆ ತಂದು ಹತ್ತಿಸ್ಕೋಬೇಕಾಯ್ತು, ಹಿಂದೆ ಹಾರನ್ ಮೇಲೆ ಹಾರನ್, ಅಪ್ಪ ಪಾಪ ಎಡಗೈ ಎತ್ತಿ ಎಲ್ರಿಗೂ ಸಾರಿ ಸಾರಿ ಅಂತಿದ್ರು. ಅವ್ರು ಯಾಕೆ ಸಾರಿ ಕೇಳ್ಬೇಕು? ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಎರಡನೇ ಸಲ ಕ್ಯಾಬ್. ಬಂದಿದ್ದು ಸಿಎನ್‌ಜಿ ಗಾಡಿ, ಡಿಕ್ಕಿ ತುಂಬ ಸಿಲಿಂಡರ್, ಚೇರ್ ಹಿಡಿಯಲ್ಲ. ಡ್ರೈವರ್ ಒಳ್ಳೆಯವರು, ಮಡಚಿ ಮುಂದಿನ ಸೀಟಲ್ಲಿ ಇಟ್ಕೊಂಡ್ರು. ಹೋಗೋಕೆ ಮಾತ್ರ ಮೂರರಲ್ಲಿ ಇದೇ ಬೆಸ್ಟ್, ಚೇರ್ ನೋಡಿ ಒಬ್ರು ಪೊಲೀಸ್ನೋರು ತಾವೇ ಬ್ಯಾರಿಕೇಡ್ ಸರಿಸಿ ಗೇಟಿನ ಹತ್ರಾನೇ ಇಳ್ಕೊಳ್ಳೋಕೆ ಬಿಟ್ರು. ವಾಪಸ್ ಬರೋವಾಗ ಆ ಜನದೊಳಗೆ ಯಾವ ಕ್ಯಾಬೂ ಬರಲ್ಲ, ತುಂಬಾ ದೂರ ತಳ್ಕೊಂಡು ಹೋಗಿ ಹತ್ತಿದ್ವಿ.

ಮೂರನೇದು ಮೆಟ್ರೋ, ನಾನು ಹೆದರಿದ್ದು ಇದಕ್ಕೇ. ನೇರಳೆ ಲೈನ್ ಆಗಿರೋದ್ರಿಂದ ಕೆಂಗೇರಿಯಿಂದ ಕಬ್ಬನ್ ಪಾರ್ಕ್‌ವರೆಗೆ ಒಂದೇ ರೈಲು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸೋ ಕಷ್ಟ ಇಲ್ಲ, ಲಿಫ್ಟ್ ಇದೆ, ಅಗಲದ ಗೇಟ್ ಇದೆ, ಅಪ್ಪ ಚೇರಿಂದ ಒಂದ್ಸಲಾನೂ ಏಳಬೇಕಾಗ್ಲಿಲ್ಲ. ಹತ್ತೋವಾಗ ಚೇರನ್ನ ಹಿಮ್ಮುಖ ಮಾಡಿ ದೊಡ್ಡ ಚಕ್ರ ಮೊದಲು ಒಳಗೆ ಎಳ್ಕೊಳ್ಳಿ, ಮುಂದಿನ ಪುಟ್ಟ ಚಕ್ರ ಸಂದಿಲಿ ಸಿಕ್ಕಲ್ಲ. ಸ್ಟೇಷನ್ನಿಂದ ಗೇಟಿಗೆ ಹೋಗೋ ಫುಟ್‌ಪಾತಲ್ಲಿ ಬೈಕ್ ಹತ್ತದೇ ಇರ್ಲಿ ಅಂತ ನೆಟ್ಟಿರೋ ಕಂಬದ ಮಧ್ಯೆ ಮಾತ್ರ ಚೇರ್ ಹೋಗ್ಲಿಲ್ಲ, ರಸ್ತೆಗಿಳಿದ್ವಿ. ಮುಗಿದ ಮೇಲೆ ಅರ್ಧ ಗಂಟೆ ಒಳಗೇ ಕೂತಿದ್ದು ಬಂದ್ವಿ, ಮ್ಯಾಚ್ ದಿನ ರೈಲು ತಡರಾತ್ರಿವರೆಗೂ ಇರುತ್ತೆ. ಆದ್ರೂ ಲಿಫ್ಟ್ ಮುಂದೆ ಗಟ್ಟಿಮುಟ್ಟಾಗಿರೋ ಹುಡುಗ್ರ ಕ್ಯೂ ಇತ್ತು, ದಯವಿಟ್ಟು ನೀವು ಮೆಟ್ಟಿಲು ಹತ್ರಪ್ಪಾ.

ಯಾವುದ್ರಲ್ಲಿ ಹೋದ್ರೂ ಟಿಕೆಟ್ ತಗೊಳ್ಳೋಕೆ ಮುಂಚೆ ಮೆಟ್ಟಿಲಿಲ್ದೇ ಇರೋ ಗೇಟ್ ಯಾವುದು ಅಂತ ಫೋನ್ ಮಾಡಿ ಕೇಳ್ಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಹಳೇ ಸಾರ್ವಜನಿಕ ಕಟ್ಟಡ ಸರಿಪಡಿಸೋಕೆ ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗಿದಿದೆ, ಕೇಳೋಕೆ ಸಂಕೋಚ ಬೇಡ.

ನಾವಿನ್ನು ಹೋಗೋದು ಮೆಟ್ರೋದಲ್ಲೇ. ಕಾರನ್ನ ನಮ್ಮ ಭಾವ ಕೆಂಗೇರಿ ಸ್ಟೇಷನ್ ಹತ್ರ ತಂದು, ಬಾಗಿಲು ಪೂರ್ತಿ ತೆಗ್ಯೋ ಹಾಗೆ ನಿಲ್ಲಿಸ್ಕೊಂಡಿರ್ತಾರೆ.