ಫ್ಯಾಮಿಲಿ ಲಿಂಕ್: ಎರಡು ವರ್ಷ ಬಳಸಿದ ಮೇಲೆ

ಮಗ ಐದನೇ ಕ್ಲಾಸಿಗೆ ಬಂದಾಗ ನನ್ನ ಹಳೇ ಆಂಡ್ರಾಯ್ಡ್ ಫೋನ್ ಅವನ ಪಾಲಾಯಿತು. ಸಂಜೆ ಟ್ಯೂಷನ್‌ಗೆ ಒಬ್ಬನೇ ಹೋಗುತ್ತಾನೆ, ಕೈಯಲ್ಲೊಂದು ಫೋನ್ ಇರಲಿ ಅಂತ. ಮೊದಲ ಎರಡು ತಿಂಗಳು ಅದರಲ್ಲಿ ನನ್ನದೇ ಜಿಮೇಲ್ ಇತ್ತು, ಅಂದರೆ ಯೂಟ್ಯೂಬ್ ಪಾಲಿಗೆ ಅವನೂ ನಲವತ್ತು ವರ್ಷದ ಗಂಡಸೇ. ಇದು ಹೊಳೆದ ದಿನವೇ ಫೋನ್ ರೀಸೆಟ್ ಮಾಡಿ, ಅವನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಮಕ್ಕಳ ಅಕೌಂಟ್ ತೆರೆದು, ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿದೆ. ಮಕ್ಕಳ ಫೋನ್ ಬಳಕೆಯನ್ನು ಅಪ್ಪ-ಅಮ್ಮ ತಮ್ಮ ಫೋನಿನಿಂದಲೇ ನೋಡಿಕೊಳ್ಳಲು ಇರುವ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ.

ನನಗೆ ಜಾಸ್ತಿ ಉಪಯೋಗವಾಗಿದ್ದು ರಾತ್ರಿಯ ಬೀಗ. ಒಂಬತ್ತೂವರೆಗೆ ಫೋನ್ ತಾನಾಗಿಯೇ ಲಾಕ್ ಆಗುತ್ತದೆ, ಕರೆ ಮಾತ್ರ ಮಾಡಬಹುದು. ಮೊದಲು "ಸಾಕು ಇಡೋ" ಅಂತ ನಾನು ಕೂಗಬೇಕಿತ್ತು, ಈಗ ಬೈಸಿಕೊಳ್ಳೋದು ಆ್ಯಪ್. ಬಸ್ಸಿನಲ್ಲಿ ಹೋಗುವಾಗ ನೆಟ್ ಇಲ್ಲದಿದ್ದರೂ ನನ್ನ ಫೋನಿನಲ್ಲಿ ಕಾಣುವ ಕೋಡ್ ಹಾಕಿ ಬೀಗ ತೆಗೆಯಬಹುದು. ಆ ಕೋಡ್ ಒಂದೇ ಸಲ ನಡೆಯುತ್ತದೆ, ಗಂಟೆಗೊಮ್ಮೆ ಬದಲಾಗುತ್ತದೆ, ಹಾಗಾಗಿ ಕದ್ದು ನೋಡಿಟ್ಟುಕೊಂಡರೂ ಪ್ರಯೋಜನವಿಲ್ಲ. (ಪ್ರಯತ್ನ ಮಾಡಿದ್ದಾನೆ.)

ಹೊಸ ಆ್ಯಪ್ ಬೇಕಾದರೆ ನನ್ನ ಒಪ್ಪಿಗೆ ಕೇಳಿ ನೋಟಿಫಿಕೇಶನ್ ಬರುತ್ತದೆ. ಒಂದು ದಿನ ಆಫೀಸ್ ಮೀಟಿಂಗ್ ಮಧ್ಯೆ ಒಂದೇ ಆಟಕ್ಕೆ ನಾಲ್ಕು ಸಲ ಬಂತು, ಐದನೇ ಸಲ ಸುಮ್ನೆ ಒಪ್ಪಿಬಿಟ್ಟೆ. ಎಡವಟ್ಟಾಗಿದ್ದೇ ಅಲ್ಲಿ. ಆಟದೊಳಗೆ ಚಾಟ್ ಇದೆಯಾ, ಯಾರ ಜೊತೆ ಮಾತು ನಡೆದಿದೆ ಅನ್ನೋದೆಲ್ಲ ಫ್ಯಾಮಿಲಿ ಲಿಂಕ್ ಕೆಲಸ ಅಲ್ಲ. ಒಮ್ಮೆ ಒಪ್ಪಿದ ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಂಡರೂ ನಮ್ಮನ್ನು ಕೇಳುವುದಿಲ್ಲ. ಯಾರೋ ಒಬ್ಬ ವಾರವಿಡೀ ಇವನ ಜೊತೆ ಆಡಿ ಸ್ನೇಹ ಬೆಳೆಸಿ, ಫ್ರೀಯಾಗಿ ಸ್ಕಿನ್ (ಆಟದ ಪಾತ್ರಕ್ಕೆ ಹಾಕುವ ಹೊಸ ವೇಷ) ಕೊಡ್ತೀನಿ ಅಂತ ನನ್ನ ನಂಬರ್ ತಗೊಂಡು, ಬರುವ ಓಟಿಪಿ ಹೇಳು, ಮನೆಯಲ್ಲಿ ಹೇಳಬೇಡ ಅಂದಿದ್ದ. ಅವತ್ತು ಫ್ಯಾಮಿಲಿ ಲಿಂಕ್ ನನಗೆ ತೋರಿಸಿದ ರಿಪೋರ್ಟ್‌ನಲ್ಲಿ ಕಂಡಿದ್ದು ಆಟದ ಹೆಸರು, 48 ನಿಮಿಷ. ಅಷ್ಟೇ.

ಊಟಕ್ಕೆ ಕೂತಾಗ ಅವನೇ ಕೇಳಿದ: "ಅಪ್ಪಾ, ನಿನ್ನ ಫೋನಿಗೆ ಆರು ನಂಬರ್ ಬಂತಾ?" ತುತ್ತು ಗಂಟಲಲ್ಲೇ ನಿಂತಿತು. ಬೈಯಬೇಕು ಅನ್ನಿಸಿತು, ಬೈದರೆ ಮುಂದಿನ ಸಲ ಕೇಳೋದೇ ಇಲ್ಲ ಅಲ್ವಾ, ತಡೆದುಕೊಂಡೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಪುಣ್ಯಕ್ಕೆ ಹೋಗಿರಲಿಲ್ಲ. ಇಬ್ಬರೂ ಕೂತು ಆಟದಲ್ಲಿ ಆ ಅಪರಿಚಿತನನ್ನು ಬ್ಲಾಕ್ ಮಾಡಿ, ಅವನ ಮೇಲೆ ರಿಪೋರ್ಟ್ ಕೊಟ್ಟು, ಚಾಟ್ ಆಫ್ ಮಾಡಿದೆವು. ಆವತ್ತಿನಿಂದ ಹೊಸ ಆಟ ಅಂದರೆ ಮೊದಲು ನಾನು ಹತ್ತು ನಿಮಿಷ ಆಡುತ್ತೇನೆ. ಕೆಟ್ಟದಾಗಿ ಸೋಲುತ್ತೇನೆ, ಅದು ಬೇರೆ ವಿಷಯ.

ಲೊಕೇಶನ್ ನೋಡುವ ಸೌಲಭ್ಯ ಟ್ಯೂಷನ್ ಬಿಡುವ ಹೊತ್ತಿಗೆ ಮಾತ್ರ ಬಳಸುತ್ತೇನೆ, ಚೆನ್ನಾಗಿದೆ. ಕ್ರೋಮ್‌ನಲ್ಲಿ ಮಕ್ಕಳ ಅಕೌಂಟಿಗೆ ಇನ್‌ಕಾಗ್ನಿಟೊ (ನೋಡಿದ್ದರ ಹಿಸ್ಟರಿ ಉಳಿಯದ ಮೋಡ್) ಇರೋದಿಲ್ಲ, ಅದೂ ಒಳ್ಳೆಯದೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೇಸಿಗೆ ರಜೆಯಲ್ಲಿ ಮಾತ್ರ ಇದರ ಆಟ ನಡೆಯಲಿಲ್ಲ, ಯಾಕಂದರೆ ಅಜ್ಜನ ಫೋನಿಗೆ ಇಂಥ ಬೀಗ ಯಾವುದೂ ಇಲ್ಲ, ಇದ್ದ ಪಿನ್ ಕೂಡ ಅವರ ಸ್ಕೂಟರ್ ನಂಬರ್. ಈಗ ಹೊಸ ಪಿನ್ ಹಾಕಿಕೊಟ್ಟಿದ್ದೇನೆ. ಮರೆಯಬಾರದು ಅಂತ ಗೋಡೆ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾರೆ.