ಲೀನ್, ಸಿಕ್ಸ್ ಸಿಗ್ಮಾ, ಟಿಓಸಿ ಮೂರನ್ನೂ ಒಂದೇ ಸಲ ಶಾಪಿಗೆ ತರುವವರು ಇದನ್ನು ಓದಿ

ಲೀನ್ ಎಂದರೆ ವ್ಯರ್ಥ ತೆಗೆಯುವ ಪದ್ಧತಿ, ಸಿಕ್ಸ್ ಸಿಗ್ಮಾ ಎಂದರೆ ಅಳತೆಯ ಏರುಪೇರು ತಗ್ಗಿಸುವ ಪದ್ಧತಿ, ಟಿಓಸಿ (ಥಿಯರಿ ಆಫ್ ಕನ್ಸ್ಟ್ರೇಂಟ್ಸ್) ಎಂದರೆ ಇಡೀ ಕೆಲಸವನ್ನು ತಡೆಹಿಡಿಯುವ ಒಂದು ಜಾಗ ಹುಡುಕಿ ಅದನ್ನು ನೋಡಿಕೊಳ್ಳುವ ಪದ್ಧತಿ. ಮೂರನ್ನೂ ತಂದು ಬೇಡದ ಕಡೆ ಹಚ್ಚುವುದು, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಹೈಡ್ರಾಲಿಕ್ ಸ್ಪೂಲ್ (ವಾಲ್ವಿನೊಳಗೆ ಜಾರುವ ದಂಡ) ಮಾಡುವ ಸಣ್ಣ ಶಾಪ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಎಡವಟ್ಟು. ಒಂದು ಶಾಪಿನ ಲೆಕ್ಕ ಹಿಡಿದು ಹೇಳಿದರೆ ಬೇಗ ಅರ್ಥವಾಗುತ್ತದೆ. ಹೆಸರು ಬೇಡ.

ಎರಡು ಶಿಫ್ಟ್ ಸೇರಿ ದಿನಕ್ಕೆ 900 ನಿಮಿಷ ಕೆಲಸ. ಎರಡು ಸಿಎನ್‌ಸಿ ಟರ್ನಿಂಗ್ ಮಷಿನ್ (ಕಂಪ್ಯೂಟರ್ ನಡೆಸುವ ಲೇತ್), ಪೀಸಿಗೆ 6 ನಿಮಿಷ. ಆಮೇಲೆ ಮಾಲು ಗಟ್ಟಿಯಾಗಲು ಹೊರಗೆ ಹೀಟ್ ಟ್ರೀಟ್‌ಮೆಂಟಿಗೆ ಹೋಗಿ ಬಂದು ಒಂದೇ ಒಂದು ಸಿಲಿಂಡ್ರಿಕಲ್ ಗ್ರೈಂಡಿಂಗ್ (ಹೊರಮೈ ಉಜ್ಜಿ ಕೊನೆಯ ಅಳತೆಗೆ ತರುವ) ಮಷಿನ್ ಮುಂದೆ ನಿಲ್ಲುತ್ತದೆ. ಅಲ್ಲಿ ಪೀಸಿಗೆ 4 ನಿಮಿಷ, ದಿನಕ್ಕೆ ಎರಡು ಸೆಟಪ್ (ಬೇರೆ ಪೀಸಿಗೆ ಮಷಿನ್ ಹೊಂದಿಸುವುದು), ಒಂದೊಂದಕ್ಕೆ 90 ನಿಮಿಷ. ಅಂದರೆ ಉಳಿದ 720 ನಿಮಿಷಕ್ಕೆ 180 ಪೀಸು. ಬಾಟಲಿಗೆ ಕತ್ತಿದ್ದ ಹಾಗೆ ಇಡೀ ಶಾಪಿನ ಕತ್ತು ಇದು. ಬೇರೆಲ್ಲಿ ಏನೇ ಮಾಡಿದರೂ ಗೇಟಿನಿಂದ ಹೊರಗೆ ಹೋಗುವುದು 180ರ ಒಳಗೇ.

ಸಲಹೆಗಾರರು ಬಂದರು, ಮೂರು ತಂಡ ಮಾಡಿದರು. ಲೀನ್ ತಂಡ ಟರ್ನಿಂಗ್ ಹಿಡಿಯಿತು, ಏಕೆಂದರೆ ಅಲ್ಲಿ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಸೆಟಪ್ 50 ನಿಮಿಷದಿಂದ 18ಕ್ಕೆ ಇಳಿಯಿತು. ಓಇಇ (ಲಭ್ಯ ಸಮಯದಲ್ಲಿ ಮಷಿನ್ ನಿಜಕ್ಕೂ ಒಳ್ಳೆ ಮಾಲು ಕೊಡುವ ಪಾಲು) ಶೇ. 60ರಿಂದ 80ಕ್ಕೆ ಏರಿತು. ಟರ್ನಿಂಗ್ 180ರ ಬದಲು 240 ಪೀಸು ಕೊಡತೊಡಗಿತು. ಎಲ್ಲರಿಗೂ ಸಿಹಿ ಹಂಚಿದರು.

ಆ ಹೆಚ್ಚುವರಿ 60 ಪೀಸು ಎಲ್ಲಿ ಹೋಯಿತು? ಗ್ರೈಂಡಿಂಗ್ ಮುಂದೆ ಕ್ರೇಟಿನಲ್ಲಿ. 30 ಕೆಲಸದ ದಿನಕ್ಕೆ 1,800. ಮೊದಲು ಅಲ್ಲಿ 900 ಪೀಸು ಇತ್ತು, ಈಗ 2,700. ದಿನಕ್ಕೆ 180 ಹೊರಬೀಳುವಲ್ಲಿ 900 ಇದ್ದರೆ ಕಾಯುವುದು 5 ದಿನ, 2,700 ಇದ್ದರೆ 15 ದಿನ. ಸುಧಾರಣೆ ಮಾಡಿ ಡೆಲಿವರಿಯನ್ನು ಹತ್ತು ದಿನ ತಡ ಮಾಡಿದ ಹಾಗಾಯಿತು. ಪೀಸಿಗೆ ಮೆಟೀರಿಯಲ್, ಹೀಟ್ ಟ್ರೀಟ್‌ಮೆಂಟ್ ಸೇರಿ 400 ರೂಪಾಯಿ ಎಂದರೆ 7,20,000 ರೂಪಾಯಿ ಕ್ರೇಟಿನಲ್ಲಿ ಮಲಗಿತು. ಬ್ಯಾಂಕಿನ ಓಡಿ (ಓವರ್ಡ್ರಾಫ್ಟ್ ಸಾಲ) ಮಿತಿ ಮುಟ್ಟಿದ್ದು ಅದಕ್ಕೇ.

ಇಲ್ಲಿ ಮೋಸ ಹೋಗುವುದು ಸುಲಭ. ಅರೆಬರೆ ಮಾಲಿಗೆ ಕೂಲಿ, ಕರೆಂಟು, ಓವರ್‌ಹೆಡ್ ಎಲ್ಲ ಹಚ್ಚಿ ಸ್ಟಾಕಿನ ಬೆಲೆ ಕಟ್ಟುತ್ತಾರಲ್ಲ, ಹಾಗಾಗಿ ಮಾಲು ಗುಡ್ಡೆ ಬಿದ್ದಷ್ಟೂ ಆ ತಿಂಗಳ ಖರ್ಚು ಸ್ಟಾಕಿನೊಳಗೆ ಅಡಗಿ ಪುಸ್ತಕದಲ್ಲಿ ಲಾಭ ಹೆಚ್ಚಾಗಿ ಕಾಣುತ್ತದೆ. ಬ್ಯಾಂಕಿನಲ್ಲಿ ದುಡ್ಡಿಲ್ಲ, ಪುಸ್ತಕದಲ್ಲಿ ಲಾಭ. ಹೀಗಿದ್ದರೆ ಮೊದಲು ಕ್ರೇಟ್ ಎಣಿಸಿ.

ಸಿಕ್ಸ್ ಸಿಗ್ಮಾ ತಂಡದ್ದು ಇನ್ನೊಂದು ಕಥೆ. ನಾಲ್ಕು ತಿಂಗಳು ಕೂತು ಟರ್ನಿಂಗ್ ವ್ಯಾಸದ ಸಿಪಿಕೆಯನ್ನು (ಅಳತೆ ಮಿತಿಯೊಳಗೆ ಎಷ್ಟು ಭದ್ರವಾಗಿದೆ ಎಂಬ ಅಂಕಿ) 0.9ರಿಂದ 1.5ಕ್ಕೆ ತಂದರು. ಚಾರ್ಟುಗಳು ಅಚ್ಚುಕಟ್ಟು. ಆದರೆ ಆ ಮೈಯನ್ನು ಮುಂದೆ ಗ್ರೈಂಡಿಂಗ್ ಸವರಿ ಹಾಕುತ್ತದೆ! ಟರ್ನಿಂಗ್ ವ್ಯತ್ಯಾಸ ತಗ್ಗಿದ್ದರಿಂದ ಲಾಭ ಆಗಬೇಕಿದ್ದರೆ ಡ್ರಾಯಿಂಗಿನಲ್ಲಿ ಗ್ರೈಂಡಿಂಗಿಗೆ ಬಿಡುವ 0.4 ಮಿ.ಮೀ.ಯನ್ನು ಇಳಿಸಬೇಕಿತ್ತು. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ರನ್‌ಔಟ್ (ತಿರುಗುವಾಗಿನ ಓಲಾಟ) 0.1ರ ಒಳಗಿದ್ದರೆ 0.25 ಬಿಟ್ಟು ನೋಡಬಹುದು, ಗ್ರೈಂಡಿಂಗ್ ಸಮಯವೂ ಇಳಿಯುತ್ತದೆ. ಡ್ರಾಯಿಂಗ್ ಯಾರೂ ಮುಟ್ಟಲಿಲ್ಲ.

ಅಳತೆಯದೂ ಅಷ್ಟೇ. 25 ಮಿ.ಮೀ. ವ್ಯಾಸಕ್ಕೆ ಎಚ್6 ದರ್ಜೆ ಎಂದರೆ ಒಟ್ಟು ಟಾಲರೆನ್ಸ್ (ಅಳತೆ ಆಚೀಚೆ ಆಗಬಹುದಾದ ಮಿತಿ) 13 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣದನ್ನು ಓದಲಾರದ ಮೈಕ್ರೋಮೀಟರ್ ಹಿಡಿದು ಅದಕ್ಕೆ ಡೇಟಾ ಬರೆದರೆ ಅದು ಡೇಟಾ ಅಲ್ಲ. 1 ಮೈಕ್ರಾನ್ ಓದುವ ಸಾಧನ ಬೇಕು, ಮೊದಲು ಗೇಜ್ ಆರ್ ಅಂಡ್ ಆರ್ (ಅಳೆಯುವುದರಲ್ಲೇ ಎಷ್ಟು ಏರುಪೇರಿದೆ ಎಂಬ ಪರೀಕ್ಷೆ) ಮಾಡಬೇಕು: ಶೇ. 10ರ ಒಳಗಿದ್ದರೆ ಸರಿ, 30 ದಾಟಿದರೆ ಅಲ್ಲಿಗೇ ನಿಲ್ಲಿಸಿ.

ಗುಡ್ಡೆ ಕಂಡು ಗಾಬರಿಯಾದ ಮೇಲೆ ‘ಶೂನ್ಯ ಸ್ಟಾಕ್’ ಎಂದು ಗ್ರೈಂಡಿಂಗ್ ಮುಂದಿನ ಮಾಲನ್ನೂ ಖಾಲಿ ಮಾಡಿಸಿದರು. ಹೀಟ್ ಟ್ರೀಟ್‌ಮೆಂಟ್ ಗಾಡಿ ಒಂದು ದಿನ ತಡವಾಯಿತು, ಗ್ರೈಂಡಿಂಗ್ ನಿಂತಿತು. ಪೀಸಿನ ಮಾರಾಟ ಬೆಲೆ 620 ಎಂದರೆ 400 ಕಳೆದು ಉಳಿಯುವುದು 220. ಗ್ರೈಂಡಿಂಗ್ ಒಂದು ಗಂಟೆ ನಿಂತರೆ 15 ಪೀಸು, 3,300 ರೂಪಾಯಿ ಹೋಯಿತು. ಟರ್ನಿಂಗ್ ಒಂದು ಗಂಟೆ ನಿಂತರೆ ಏನೂ ಹೋಗುವುದಿಲ್ಲ. ಈ ಒಂದು ಮಾತು ಸೂಪರ್‌ವೈಸರ್ ತಲೆಗೆ ಇಳಿಸುವುದೇ ಕಷ್ಟ. ನಿಂತ ಮಷಿನ್ ಕಂಡರೆ ಮಾಲೀಕರಿಗೂ ಹೊಟ್ಟೆ ಉರಿಯುತ್ತದೆ.

ಮೂರನ್ನೂ ಬೆರೆಸಬಾರದು ಎಂದಲ್ಲ, ಎಲ್ಲವನ್ನೂ ಗ್ರೈಂಡಿಂಗ್ ಮೇಲೇ ಬೆರೆಸಬೇಕು. ಕತ್ತು ಎಲ್ಲಿದೆ ಎಂದು ತೋರಿಸುವುದು ಎಲಿಯಾಹು ಗೋಲ್ಡ್ರಾಟ್ ರೂಪಿಸಿದ ಟಿಓಸಿ, ಆದ್ದರಿಂದ ಮೊದಲ ಸರದಿ ಅದರದ್ದು. ಮೊದಲು ಟರ್ನಿಂಗಿಗೆ ಬಾರ್ (ಕಚ್ಚಾ ಸರಳು) ಬಿಡುಗಡೆಯನ್ನು ದಿನಕ್ಕೆ 180ಕ್ಕೆ ಕಟ್ಟಿಹಾಕಿ, ಟರ್ನಿಂಗ್ ಇನ್ಸೆಂಟಿವ್ ಅದೇ ದಿನ ತೆಗೆಯಿರಿ. ಹೀಟ್ ಟ್ರೀಟ್‌ಮೆಂಟ್ ಎರಡು ದಿನಕ್ಕೊಮ್ಮೆ ಬರುವುದಾದರೆ, ಒಂದು ದಿನದ ತಡವನ್ನೂ ಸೇರಿಸಿ, ಗಾಡಿ ಬಂದ ಹೊತ್ತಿಗೆ ಗ್ರೈಂಡಿಂಗ್ ಮುಂದೆ 540 ಪೀಸು ಇರಲಿ. ನೆಲದ ಮೇಲೆ 180ರಂತೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿಯಿರಿ. ಕೆಂಪು ಪಟ್ಟಿಯ ಮಾಲಿಗೆ ಕೈ ಹಚ್ಚಬೇಕಾಗಿ ಬಂದರೆ ಹೀಟ್ ಟ್ರೀಟ್‌ಮೆಂಟಿನವರಿಗೆ ಫೋನ್ ಹಚ್ಚಿ.

ಲೀನಿನ ಸೆಟಪ್ ಕೆಲಸವೂ ಅಲ್ಲೇ ನಡೆಯಲಿ. ಮುಂದಿನ ಗ್ರೈಂಡಿಂಗ್ ವೀಲನ್ನು ಇನ್ನೊಂದು ಫ್ಲ್ಯಾಂಜಿಗೆ (ವೀಲ್ ಹಿಡಿಯುವ ಬಿಲ್ಲೆ) ಹಾಕಿ ಮೊದಲೇ ಬ್ಯಾಲೆನ್ಸ್ ಮಾಡಿಡಿ. ಡಾಗ್ (ಪೀಸನ್ನು ಹಿಡಿದು ತಿರುಗಿಸುವ ಕ್ಲಾಂಪ್), ಸೆಂಟರ್ (ತುದಿಗೆ ಆಸರೆ ಕೊಡುವ ಮೊನೆ), ಮಾಸ್ಟರ್ ಪೀಸು (ಅಳತೆ ಹೋಲಿಸುವ ಪೀಸು) ಟ್ರಾಲಿಯಲ್ಲಿ ತಯಾರಿರಲಿ. ಒಂದೇ ಉದ್ದದ ಪೀಸುಗಳನ್ನು ಒಟ್ಟಿಗೆ ಓಡಿಸಿದರೆ ಟೇಪರ್ (ಒಂದು ತುದಿ ದಪ್ಪ, ಒಂದು ತೆಳು ಆಗುವುದು) ತಿದ್ದುವ ಕೆಲಸ ತಪ್ಪುತ್ತದೆ. 90 ನಿಮಿಷ 30ಕ್ಕೆ ಬಂದರೆ ದಿನಕ್ಕೆ 120 ನಿಮಿಷ, 30 ಪೀಸು, 6,600 ರೂಪಾಯಿ. 25 ದಿನಕ್ಕೆ 1,65,000. ಬಾರ್ ಬಿಡುಗಡೆಯನ್ನು 210ಕ್ಕೆ ಏರಿಸುವುದು ಆಗ, ಮೊದಲಲ್ಲ.

ಸಿಕ್ಸ್ ಸಿಗ್ಮಾ ಕೊನೆಗೆ, ಗ್ರೈಂಡಿಂಗ್ ಆದ ಮೇಲಿನ ರಿಜೆಕ್ಷನ್ ಮೇಲೆ. ಅಲ್ಲಿ ಹಾಳಾದ ಪೀಸಿಗೆ ನಷ್ಟ 400 ಅಲ್ಲ, ಪೂರಾ 620, ಏಕೆಂದರೆ ಕಳೆದ 4 ನಿಮಿಷ ಮತ್ತೆ ಸಿಗುವುದಿಲ್ಲ. ತಪಾಸಣೆಯವರನ್ನು ಗ್ರೈಂಡಿಂಗ್‌ಗೆ ಮೊದಲೇ ಕೂರಿಸಿ, ಕೆಟ್ಟ ಪೀಸು ಆ ಮಷಿನ್ ಏರಲೇಬಾರದು.

ಸಲಹೆಗಾರರ ಕರಾರಿನಲ್ಲಿ ‘ಓಇಇ ಇಷ್ಟು ಏರಿಸುತ್ತೇವೆ’ ಎಂದಿದ್ದರೆ ಯಾವ ಮಷಿನಿನ ಓಇಇ ಎಂದು ಬರೆಸಿಕೊಳ್ಳಿ. ಅದರ ಪಕ್ಕದಲ್ಲೇ ಎರಡು ಸಾಲು ಸೇರಿಸಿ: ತಿಂಗಳಿಗೆ ಬಿಲ್ ಆದ ಪೀಸು, ತಿಂಗಳ ಕೊನೆಗೆ ಶಾಪಿನೊಳಗಿರುವ ಪೀಸು. ಕೊನೆಯ ಕಂತು ಆ ಎರಡು ಸಾಲು ನೋಡಿಯೇ ಕೊಡಿ.